ಕೈಗೆ ಒಗ್ಗಿದ ಕೋವಿ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ವೀರಗಲ್ಲಿಲ್ಲದ ಊರು ವಿರಳ. ಕೆರೆಯ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ, ಗದ್ದೆಯ ಬದುವಿನಲ್ಲಿ ಅವು ನಿಂತಿವೆ. ಕೆಲವು ಅರ್ಧ ಮಣ್ಣಿನಲ್ಲಿ ಹೂತುಹೋಗಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರ ಸಂಪುಟದಲ್ಲಿಯೂ ಸೊರಬದ ಶಾಸನಗಳನ್ನು 1904ರ ಸಂಪುಟದಲ್ಲಿಯೂ ಅಚ್ಚುಹಾಕಿಸಿದರು. ಅವುಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಣ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ದೇವರ ಸನ್ನಿಧಿ. ಈ ಕ್ರಮ ಎಲ್ಲರಿಗೂ ಪರಿಚಿತವಾದುದು.

ನೋಡುವವರು ಸಾಮಾನ್ಯವಾಗಿ ಅಪ್ಸರೆಯರನ್ನು ಮೆಚ್ಚಿ ಮುಂದೆ ಸಾಗುತ್ತಾರೆ. ಆದರೆ ಕೆಳಗಿನ ಪಟ್ಟಿಕೆಯ ಆಯುಧಗಳನ್ನು ಕೊಂಚ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಮನಸ್ಸಿಗೆ ಹೊಳೆಯದಿರದು. ಒಬ್ಬನ ಕೈಯಲ್ಲಿ ಬಿಲ್ಲು, ಇನ್ನೊಬ್ಬನ ಕೈಯಲ್ಲಿ ಕತ್ತಿ ಗುರಾಣಿ, ಮತ್ತೊಬ್ಬನದು ಈಟಿ, ಮಗದೊಬ್ಬನ ಸೊಂಟದಲ್ಲಿ ಬರಿಯ ಬಾಕು. ಇವರಲ್ಲಿ ಅರಸನ ದಂಡಿನವರಿದ್ದಂತೆ ಊರ ಗಾವುಂಡರೂ ದನ ಕಾಯುವವರೂ ಊರ ಕೆಲಸದವರೂ ಇದ್ದರು. ತುರುಗಳನ್ನು ಅಟ್ಟಿಕೊಂಡು ಹೋಗುವ ಕಳ್ಳರ ದಂಡು ಬಂದಾಗ, ಊರಿಗೆ ಅಳಿವು ಒದಗಿದಾಗ, ಮನೆಯಲ್ಲಿ ಇದ್ದುದನ್ನು ಎತ್ತಿಕೊಂಡು ಓಡಿದವರು ಅವರು. ಅರಮನೆಯ ಆಯುಧಶಾಲೆಯಿಂದ ಅವರಿಗೆ ಯಾವ ಕತ್ತಿಯೂ ಬಂದಿರಲಿಲ್ಲ.

ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭಶಾಸನ ಇದಕ್ಕಿಂತಲೂ ಹಳೆಯದು, ಐದನೆಯ ಶತಮಾನದ್ದು. ಕಾಂಚಿಗೆ ವೇದಾಧ್ಯಯನಕ್ಕೆಂದು ಹೋದ ಮಯೂರಶರ್ಮನಿಗೂ ಪಲ್ಲವರ ಕುದುರೆ ಸವಾರನಿಗೂ ಜಗಳವಾಯಿತು. ಆ ಅಪಮಾನವನ್ನು ತಾಳಲಾರದೆ, ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ ಕೈಯಲ್ಲಿಯೇ ಆತ ಖಡ್ಗವನ್ನು ಹಿಡಿದನೆಂದು ಕವಿ ಕುಬ್ಜನು ಆ ಶಾಸನದಲ್ಲಿ ವರ್ಣಿಸಿದ್ದಾನೆ. ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಆ ಖಡ್ಗ ಯಾರದು, ಎಲ್ಲಿಂದ ಬಂತು ಎಂದು ಶಾಸನ ಹೇಳುವುದಿಲ್ಲ. ಅಂದಿನವರಿಗೆ ಹಿಡಿದ ಕೈ ಮುಖ್ಯವಾಗಿತ್ತು.

ಇಂದಿನ ಸೈನ್ಯದ ಮಾತು ಬೇರೆ. ದಂಡಿಗೆ ಸೇರಿದವನಿಗೆ ಸರ್ಕಾರವೇ ಬಂದೂಕು ಕೊಡುತ್ತದೆ. ಅದಕ್ಕೊಂದು ನಂಬರು, ಆ ನಂಬರಿಗೆ ಒಂದು ರಿಜಿಸ್ಟರು. ಪಕ್ಕದವನ ಬಂದೂಕಿಗೂ ಇವನದಕ್ಕೂ ಕೂದಲೆಳೆಯಷ್ಟು ಅಂತರವಿರಬಾರದು. ಆದರೂ ಯುದ್ಧದ ನಡುವೆ ಈ ಕಟ್ಟಳೆಯನ್ನು ಮುರಿದು, ಸತ್ತವನ ಬಂದೂಕನ್ನೋ ಶತ್ರುವಿನ ಬಂದೂಕನ್ನೋ ಎತ್ತಿಕೊಂಡ ಸಿಪಾಯಿಗಳ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಯುದ್ಧ ಮುಗಿದ ಮೇಲೆ ಆ ಬಂದೂಕುಗಳನ್ನು ಹುಡುಕಿ ಕೊಂಡು ಗೋಡೆಗೆ ತೂಗುಹಾಕುವ ಸಂಗ್ರಾಹಕರೂ ಇದ್ದಾರೆ. ಇವೆರಡರ ನಡುವೆ ಕಳೆದುಹೋಗುವ ವಸ್ತು ಒಂದುಂಟು. ಅದು ಯಾವುದೆಂಬುದನ್ನು ತಿಳಿಯಲು ಮೊದಲು ಕೋವಿ ಬಂದ ಬಗೆಯನ್ನು ನೋಡಬೇಕು.

ಕತ್ತಿಗೆ ಮದ್ದು ಬೇಡ, ಗುಂಡು ಬೇಡ. ಅದು ಹಿಡಿದವನ ತೋಳಿನ ಬಲದಿಂದಲೇ ನಡೆಯುತ್ತದೆ. ಕೋವಿಯ ಸ್ವಭಾವ ಅಂತಹುದಲ್ಲ. ಹಳೆಯ ಬತ್ತಿಕೋವಿಯಲ್ಲಿ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಬದಿಯ ಪುಟ್ಟ ಬಟ್ಟಲಲ್ಲಿ ಚಿಟಿಕೆ ಮದ್ದಿಟ್ಟು, ಮೆಲ್ಲನೆ ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಊರಿನ ಕಮ್ಮಾರ ಮಾಡಿದ ಕೋವಿಯ ನಳಿಗೆ ಅವನ ಅಳತೆಯದು. ಪಕ್ಕದೂರಿನ ಕಮ್ಮಾರನದು ಇನ್ನೊಂದು ಅಳತೆ. ಆದಕಾರಣ ಕೋವಿಯೊಡನೆ ಅದರ ಗುಂಡಿನ ಅಚ್ಚನ್ನೂ ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. ಮನೆಯ ಬೇಟೆಗೆ ಇದರಿಂದ ಯಾವ ತೊಡಕೂ ಇಲ್ಲ. ಆದರೆ ಹತ್ತು ಸಾವಿರ ಜನರ ಕಾಳಗದಲ್ಲಿ ಒಬ್ಬನ ಚೀಲದ ಗುಂಡು ಮತ್ತೊಬ್ಬನ ನಳಿಗೆಗೆ ಇಳಿಯದಿದ್ದರೆ ಅನರ್ಥವೇ ಸರಿ. ಎಲ್ಲರಿಗೂ ಒಂದೇ ಅಳತೆಯ ಬಂದೂಕು ಎಂಬ ನಿಯಮ ಹುಟ್ಟಿದ್ದು ಈ ಗುಂಡಿನ ಚೀಲದಿಂದ.

ನಮ್ಮ ನಾಡಿನ ಅರಸರು ಆರಂಭದಲ್ಲಿ ಕೋವಿಯನ್ನೂ ಕೋವಿ ಹಿಡಿಯುವವನನ್ನೂ ಒಟ್ಟಿಗೆ ಹೊರಗಿನಿಂದ ಕರೆಸಿಕೊಂಡರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ, ಕ್ರಿಸ್ತೊವಾವ್ ಡಿ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಜನ ಬಂದೂಕುದಾರರೊಡನೆ ಬಂದು, ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆದುರುಳಿಸಿದನೆಂದು ಪೋರ್ಚುಗೀಸ್ ಬರೆಹಗಾರ ನ್ಯೂನಿಜ್ ದಾಖಲಿಸಿದ್ದಾನೆ. ರಾಯರ ಅಪಾರ ಸೈನ್ಯದಲ್ಲಿ ಆ ಕೈಬೆರಳೆಣಿಕೆಯ ಬಂದೂಕುಗಳು ಯಾವ ಲೆಕ್ಕಕ್ಕೂ ಸೇರಿದವಲ್ಲ. ಆದರೆ ಆ ದಿನಗಳಲ್ಲಿ ಅವು ಮಾಡಿದ ಕೆಲಸ ದೊಡ್ಡದಾಗಿತ್ತು.

ಈ ಸೀಮೆಗೆ ಆಯುಧದ ಕಾರ್ಖಾನೆ ಬಂದುದು ಹೈದರಾಲಿಯ ಕಾಲದಲ್ಲಿ. 1763ರಲ್ಲಿ ಆತ ಕೆಳದಿ ಅರಸರ ರಾಜಧಾನಿಯಾದ ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಅದು. ಅಲ್ಲಿ ಟಂಕಸಾಲೆಯೂ ಆಯುಧಶಾಲೆಯೂ ತಲೆಯೆತ್ತಿದವು. ಮಗನಾದ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣ ಮೊದಲಾದ ಕಡೆಗಳಲ್ಲಿ ಈ ಕೆಲಸವನ್ನು ಇನ್ನೂ ವಿಸ್ತರಿಸಿದನು. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿದನು. ಅವನ ಬಂದೂಕುಗಳ ಮೇಲೆ ಹುಲಿಪಟ್ಟೆಯ ಗುರುತು, ತಯಾರಾದ ಊರು, ವರ್ಷ, ಕೆಲವದರಲ್ಲಿ ಮಾಡಿದ ಮೇಸ್ತ್ರಿಯ ಹೆಸರು ಕೂಡ ಕೆತ್ತಲ್ಪಟ್ಟಿವೆ. ಅದನ್ನು ಹಿಡಿದು ಕೋಟೆಯ ಮೇಲೆ ನಿಂತ ಸಿಪಾಯಿಯ ಹೆಸರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಎದುರಾಳಿಗಳಾದ ಇಂಗ್ಲಿಷರ ಕೈಯಲ್ಲಿ ಇದ್ದುದು ‘ಬ್ರೌನ್ ಬೆಸ್’ ಎಂಬ ಅಡ್ಡಹೆಸರಿನ ಚಕಮಕಿ ಬಂದೂಕು. ಅದರ ನಳಿಗೆಯ ಒಳಅಳತೆ ಸುಮಾರು 19 ಮಿಲಿಮೀಟರು; ಗುಂಡನ್ನು ಬೇಕೆಂದೇ ಅದಕ್ಕಿಂತ ಒಂದೂವರೆ ಮಿಲಿಮೀಟರಿನಷ್ಟು ಸಣ್ಣದಾಗಿ ಎರೆಯುತ್ತಿದ್ದರು. ಸಡಿಲವಾದ ಗುಂಡು ಬೇಗ ಇಳಿಯುತ್ತದೆ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲ. ಆದರೆ ಸಡಿಲವಾದ ಗುಂಡಿಗೆ ಗುರಿ ಕಡಿಮೆ. ನೂರು ಗಜದಾಚೆ ಅದು ಎಲ್ಲಿ ಬೀಳುವುದೋ ಹೇಳುವಂತಿಲ್ಲ. ನಮ್ಮವರ ಉದ್ದ ನಳಿಗೆಯ ಬತ್ತಿಕೋವಿ ನಿಧಾನವಾದುದಾದರೂ ಬಿಗಿಯಾದ ಗುಂಡನ್ನು ದೂರಕ್ಕೆ ನೇರವಾಗಿ ಕಳುಹಿಸುತ್ತಿತ್ತು. ಒಬ್ಬೊಬ್ಬನೇ ನಿಂತು ಗುರಿಯಿಟ್ಟರೆ ಗೆಲುವು ಬತ್ತಿಕೋವಿಯದು. ಸಾಲಾಗಿ ನಿಂತು ಒಮ್ಮೆಗೇ ಹೊಡೆದರೆ ಗೆಲುವು ಬ್ರೌನ್ ಬೆಸ್ಸಿನದು. ಸೈನ್ಯಕ್ಕೆ ಯಾವುದು ಒಳ್ಳೆಯದೋ ಸಿಪಾಯಿಗೂ ಅದೇ ಒಳ್ಳೆಯದೆಂದು ಹೇಳಲಾಗದು. ಈ ಭಿನ್ನಾಭಿಪ್ರಾಯ ಅಂದಿನಿಂದ ಇಂದಿನವರೆಗೂ ತೀರಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರು ಕೋಟೆಯೊಳಗೆ ಸಿಕ್ಕಿದ ಸಾಮಗ್ರಿಯ ಪಟ್ಟಿ ಮಾಡಿದರು: ಫಿರಂಗಿಗಳು 929, ಬಂದೂಕುಗಳು ಸುಮಾರು 99 ಸಾವಿರ. ಬಂದೂಕುಗಳಿಗೆ ಹೊಸ ಯಜಮಾನ ಬಂದನು. ಅವುಗಳನ್ನು ಹಿಡಿಯುತ್ತಿದ್ದ ಸಾವಿರಾರು ಸಿಪಾಯಿಗಳಿಗೆ ಯಾವ ಯಜಮಾನನೂ ಇರಲಿಲ್ಲ. ಸಂಬಳವಿಲ್ಲದೆ, ಬೇರೆ ಕಸುಬು ತಿಳಿಯದೆ, ಅವರು ಊರೂರು ಚದುರಿದರು. ಇಂಥವರನ್ನು ಒಂದುಗೂಡಿಸಿದವನು ಚನ್ನಗಿರಿಯ ಧೋಂಡಿಯಾ ವಾಘ್. ಹೈದರನ ಸೈನ್ಯದಲ್ಲಿ ಸವಾರನಾಗಿದ್ದು, ಆಮೇಲೆ ಟಿಪ್ಪುವಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತು, ಪಟ್ಟಣ ಬಿದ್ದ ದಿನಗಳಲ್ಲಿ ಬಿಡುಗಡೆಯಾದವನು. ಕೆಲವೇ ವಾರಗಳಲ್ಲಿ ಬಿದನೂರು ಸೀಮೆಯ ಹಲವು ಕೋಟೆಗಳು ಅವನ ವಶವಾದವು.

ಅವನ ದಂಡಿಗೆ ಏಕರೂಪದ ಸಮವಸ್ತ್ರವಿಲ್ಲ, ಏಕರೂಪದ ಆಯುಧವಿಲ್ಲ. ಬಂದವನು ತಂದದ್ದೇ ಆಯುಧ. ಇಂಗ್ಲಿಷರು ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಎಂಬವರ ಕೈಕೆಳಗೆ ಎರಡು ತುಕಡಿಗಳನ್ನು ಎರಡು ದಿಕ್ಕಿನಿಂದ ಅಟ್ಟಿದರು. 1799ರ ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಸಮೀಪದಲ್ಲಿ ಧೋಂಡಿಯಾನ ದಂಡು ಸೋತು, ಅವನು ಗಡಿದಾಟಿ ಮರಾಠರ ನೆಲಕ್ಕೆ ಓಡಿದನು. ಮರುವರ್ಷ ಮತ್ತೆ ಬಲಗೊಂಡು, ‘ಉಭಯ ಲೋಕಾಧೀಶ್ವರ’ನೆಂದು ತನ್ನನ್ನು ತಾನೇ ಕರೆದುಕೊಂಡನು, ಬೆನ್ನುಹತ್ತಿದ ಮರಾಠಾ ಸರದಾರ ಗೋಖಲೆಯನ್ನು ಕೊಂದನು. ಕಡೆಗೆ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಯಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ನಾಲ್ಕು ಅಶ್ವದಳಗಳ ಧಾಳಿಗೆ ಸಿಕ್ಕು ಮಡಿದನು. ಅವನನ್ನು ವೀರನೆನ್ನುವವರೂ ಉಂಟು, ದರೋಡೆಕಾರನೆನ್ನುವವರೂ ಉಂಟು. ಶಿಕಾರಿಪುರದ ಆ ಕಾಳಗದಲ್ಲಿ ಅವನ ಪರವಾಗಿ ಬಿದ್ದವರ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅಷ್ಟು ಹೊತ್ತಿಗೆ ವೀರಗಲ್ಲುಗಳ ಕಾಲವೇ ಹಿಂದೆ ಸರಿದಿತ್ತು.

ಯುದ್ಧ ಮುಗಿದರೂ ಕೋವಿ ಮಲೆನಾಡನ್ನು ಬಿಟ್ಟುಹೋಗಲಿಲ್ಲ. ಹಿಂದೆ ಮಹಾದಾನಪುರವೆಂಬ ಹೆಸರಿದ್ದ ಊರು, ಸುತ್ತಣ ಕಾಡಿನ ಬೇಟೆಯ ಸಮೃದ್ಧಿಯನ್ನು ಕಂಡ ನವಾಬರಿಂದ ಶಿಕಾರಿಪುರವಾಯಿತೆಂದು ಪ್ರತೀತಿ. ಹಂದಿಯಿಂದ ಗದ್ದೆಯನ್ನೂ ಕಪಿಗಳಿಂದ ತೋಟವನ್ನೂ ಕಾಯಬೇಕಾದ ಒಕ್ಕಲಿಗನಿಗೆ ಕೋವಿ ನೇಗಿಲಿನಂತೆಯೇ ಒಂದು ಸಾಧನ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲಿನಲ್ಲಿಯೇ ಅದಕ್ಕೂ ಕುಂಕುಮ, ಹೂವು ಏರುತ್ತವೆ. ಸೈನ್ಯದ ಆಯುಧ ಸರ್ಕಾರದ ಸೊತ್ತಾಗಿದ್ದರೂ ಮನೆಯ ಆಯುಧ ಮನೆಯವರದೇ ಎಂಬ ಭಾವನೆ ಈ ಜನರಲ್ಲಿ ಆಳವಾಗಿ ಬೇರೂರಿತ್ತು.

ಈ ಭಾವನೆಗೆ ಪೆಟ್ಟು ಬಿದ್ದುದು 1857ರಲ್ಲಿ. ಸಿಪಾಯಿಗಳ ದಂಗೆಯಿಂದ ಬೆದರಿದ ಸರ್ಕಾರ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ಅವರ ಪಾಲಿಗೆ ಅದು ಬೇಟೆಯ ಅನ್ನ, ಹಿರಿಯರ ಮಾನ. ನವೆಂಬರ್ ತಿಂಗಳ ಕೊನೆಯಲ್ಲಿ ಇಂಗ್ಲಿಷರ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕಿದವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಬೇಡರ ಕಥೆಯನ್ನು ಲಾವಣಿಕಾರರು ಉಳಿಸಿಕೊಂಡರು. ಇದಕ್ಕೆ ತೀರ ವ್ಯತಿರಿಕ್ತವಾಗಿ ಕೊಡಗಿನವರಿಗೆ ಇಂಗ್ಲಿಷರು ವಿನಾಯಿತಿ ಕೊಟ್ಟರು. ಆ ವಿನಾಯಿತಿಯನ್ನು ಸ್ವತಂತ್ರ ಭಾರತದ ಸರ್ಕಾರವೂ ಮುಂದುವರಿಸಿ, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಇಂದೂ ಪೂಜೆ ಸಲ್ಲುತ್ತದೆ. ಒಂದೇ ನಾಡಿನ ಎರಡು ಜನಕ್ಕೆ ಒಂದೇ ವಸ್ತು ಒಂದೆಡೆ ಗಲ್ಲನ್ನು ತಂದಿತು, ಇನ್ನೊಂದೆಡೆ ಗೌರವವನ್ನು ತಂದಿತು.

ಇನ್ನು ಸರ್ಕಾರವೇ ಬಂದೂಕು ಕೊಟ್ಟು ಕಳುಹಿಸಿದ ಸಿಪಾಯಿಗಳ ವಿಷಯ. 1915ರ ಏಪ್ರಿಲಿನಲ್ಲಿ ಬೆಲ್ಜಿಯಮಿನ ಈಪ್ರ್ ಪಟ್ಟಣದ ಬಳಿ ಕೆನಡಾದ ಸೈನಿಕರು ಜರ್ಮನರ ವಿಷಾನಿಲದ ಧಾಳಿಯನ್ನು ಎದುರಿಸಿದರು. ಅವರ ಕೈಯಲ್ಲಿದ್ದುದು ತಮ್ಮ ದೇಶದಲ್ಲಿಯೇ ತಯಾರಾದ ರಾಸ್ ಎಂಬ ಬಂದೂಕು. ಗುರಿಗೆ ಅದು ಹೆಸರುವಾಸಿಯಾದುದು. ಆದರೆ ಕಂದಕದ ಕೆಸರು ತಾಗಿ, ನಳಿಗೆ ಕಾದು, ಅಳತೆಯಲ್ಲಿ ಕೊಂಚ ಹೆಚ್ಚುಕಡಿಮೆಯಾದ ತೋಟಾಗಳು ಸಿಕ್ಕಿಕೊಂಡು, ಅದರ ಚಿಲಕ ಹಿಂದಕ್ಕೆ ಬರದಾಯಿತು. ಬೂಟಿನಿಂದ ಒದ್ದು, ಗುದ್ದಲಿಯಿಂದ ಬಡಿದು ಚಿಲಕ ತೆರೆಯುವ ಸ್ಥಿತಿ ಒದಗಿತು. ಆ ಕಾಳಗದಿಂದ ಬದುಕಿ ಬಂದ ಸುಮಾರು 5,000 ಮಂದಿಯಲ್ಲಿ 1,400ಕ್ಕೂ ಹೆಚ್ಚು ಜನ ತಮ್ಮ ಬಂದೂಕನ್ನು ಎಸೆದು, ಸತ್ತ ಬ್ರಿಟಿಷ್ ಸಿಪಾಯಿಗಳ ಲೀ-ಎನ್‌ಫೀಲ್ಡ್ ಬಂದೂಕುಗಳನ್ನು ಎತ್ತಿಕೊಂಡಿದ್ದರು. ಸರ್ಕಾರದ ಸೊತ್ತನ್ನು ಬಿಸುಟುದು ಅಪರಾಧವೇ ಹೌದು. ಆದರೆ ಮರುವರ್ಷ ಸರ್ಕಾರವೇ ರಾಸ್ ಬಂದೂಕನ್ನು ರಣರಂಗದಿಂದ ಹಿಂತೆಗೆದುಕೊಂಡಿತು. ದಳಪತಿಗಳಿಗಿಂತ ಮೊದಲು ಸಿಪಾಯಿಯ ಕೈಗೆ ಸತ್ಯ ತಿಳಿದಿತ್ತು.

ಅದೇ ಮಹಾಯುದ್ಧದಲ್ಲಿ ಬಂದೂಕಿನ ಬರ ಎಷ್ಟಿತ್ತೆಂದರೆ, ಬ್ರಿಟನ್ನು ಜಪಾನಿನ ಅರಿಸಾಕಾ ಬಂದೂಕುಗಳನ್ನು ಲಕ್ಷಕ್ಕೂ ಮೇಲ್ಪಟ್ಟು ಕೊಂಡು ತನ್ನ ನೌಕಾದಳಕ್ಕೆ ಹಂಚಿತು. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನಿಂದ ಇಳಿದೊಡನೆ ಅವರ ಹಳೆಯ ಬಂದೂಕುಗಳನ್ನು ತೆಗೆದುಕೊಂಡು ಹೊಸವನ್ನು ಕೊಟ್ಟರು. ವರ್ಷಗಟ್ಟಲೆ ಭುಜಕ್ಕೆ ಒಗ್ಗಿದ್ದ ಬಂದೂಕನ್ನು ಕಳೆದುಕೊಂಡು, ಕೆಲವೇ ವಾರಗಳಲ್ಲಿ ಹೊಸ ಬಂದೂಕಿನೊಡನೆ ಅವರು ಕಂದಕಕ್ಕೆ ಇಳಿದರು. ಮೈಸೂರಿನ ಸವಾರರ ಕಥೆ ಇದಕ್ಕಿಂತ ವಿಚಿತ್ರವಾದುದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ದಳಗಳು ತುರ್ಕರ ಮಶಿನ್‌ಗನ್ನುಗಳ ಮೇಲೆ ಕುದುರೆಯೇರಿ, ಭರ್ಜಿ ಹಿಡಿದು ನುಗ್ಗಿದವು. ಅಂದು ಸಂಜೆಗೆ 1,300ಕ್ಕೂ ಹೆಚ್ಚು ಸೆರೆಯಾಳುಗಳು, 17 ಫಿರಂಗಿಗಳು, 11 ಮಶಿನ್‌ಗನ್ನುಗಳು ಅವರ ವಶವಾಗಿದ್ದವು. ತಾಳಗುಂದದ ಕಾಲದ ಆಯುಧ ಇಪ್ಪತ್ತನೆಯ ಶತಮಾನದ ಆಯುಧವನ್ನು ಸೆರೆಹಿಡಿಯಿತು.

ಅಂತಹ ಅದೃಷ್ಟ ಎಲ್ಲ ಕಾಲಕ್ಕೂ ಒದಗದು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದುದು ಪ್ರತಿ ಗುಂಡಿಗೂ ಚಿಲಕ ಎಳೆಯಬೇಕಾದ ಹಳೆಯ ಪಾಯಿಂಟ್ ಮುನ್ನೂರಮೂರು. ಹಿಮಾಲಯದ ಚಳಿಯಲ್ಲಿ, ಒಂದರ ಮೇಲೊಂದು ಗುಂಡು ಸುರಿಸುವ ಶತ್ರುವಿನ ಎದುರಿನಲ್ಲಿ ಅವರು ಆ ಬಂದೂಕಿನೊಡನೆಯೇ ಹೋರಾಡಿ ಮಡಿದರು. ಆ ಸೋಲಿನ ತರುವಾಯ ಸ್ವಯಂಚಾಲಿತವಾಗಿ ಗುಂಡೇರುವ ಬಂದೂಕು ನಮ್ಮ ದಳಗಳಿಗೆ ಬಂತು. ಆಮೇಲೆ ನಮ್ಮದೇ ವಿನ್ಯಾಸದ ಇನ್ಸಾಸ್ ಬಂತು. ಕಾಶ್ಮೀರದ ಕಾರ್ಯಾಚರಣೆಯಲ್ಲಿ ತೊಡಗಿದ ಅನೇಕ ಪಡೆಗಳು ಅದಕ್ಕಿಂತ ಏ.ಕೆ. ಮಾದರಿಯ ಬಂದೂಕನ್ನೇ ಮೆಚ್ಚಿಕೊಂಡವು. ಈಗ ಅದೇ ಮಾದರಿಯ ಏ.ಕೆ.-203 ಉತ್ತರ ಪ್ರದೇಶದ ಅಮೇಥಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುತ್ತಿದೆ.

ಶತ್ರುವಿನ ಬಂದೂಕನ್ನು ಎತ್ತಿಕೊಳ್ಳುವುದರಲ್ಲಿ ಅಪಾಯವೂ ಉಂಟು. ಅದರ ತೋಟಾ ತೀರಿದರೆ ನಮ್ಮ ಉಗ್ರಾಣದಲ್ಲಿ ಬೇರೆ ದೊರಕದು. ಕೆಟ್ಟರೆ ನಮ್ಮ ಮೇಸ್ತ್ರಿಗೆ ಅದರ ಒಳಗುಟ್ಟು ತಿಳಿಯದು. ಎಲ್ಲಕ್ಕಿಂತ ಮಿಗಿಲಾದ ಅಪಾಯ ಅದರ ಸದ್ದು. ಒಂದೊಂದು ಬಂದೂಕಿಗೂ ಒಂದೊಂದು ದನಿ. ಕತ್ತಲೆಯಲ್ಲಿ, ಕಾಡಿನಲ್ಲಿ, ಮಂಜಿನಲ್ಲಿ ಹೋರಾಡುವ ಸಿಪಾಯಿ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾನೆ. ಶತ್ರುವಿನ ಬಂದೂಕಿನ ದನಿ ಕೇಳಿದ ಕಡೆಗೆ ತನ್ನವರೇ ಗುಂಡು ಹಾರಿಸಿಯಾರು. ಎರಡನೆಯ ಮಹಾಯುದ್ಧದಲ್ಲಿ ರಷ್ಯನರ ಸಬ್‌ಮಶಿನ್‌ಗನ್ನನ್ನು ಎತ್ತಿಕೊಂಡ ಜರ್ಮನ್ ಸೈನಿಕರಿಗೂ ಇದೇ ಆತಂಕ ತಪ್ಪಿದ್ದಲ್ಲ. ಹಾಗಿದ್ದೂ ಅದನ್ನು ಬಿಡಲಿಲ್ಲ. ಪ್ರಾಣಾಪಾಯದ ಗಳಿಗೆಯಲ್ಲಿ ಮನುಷ್ಯ ರಿಜಿಸ್ಟರಿನ ನಂಬರನ್ನು ಮರೆತು, ತನ್ನ ಕೈ ನಂಬುವ ವಸ್ತುವಿಗೆ ಚಾಚುತ್ತಾನೆ.

ಆ ವಸ್ತುಗಳನ್ನೇ ಮುಂದೆ ಸಂಗ್ರಾಹಕರು ಹುಡುಕುವುದು. ಶ್ರೀರಂಗಪಟ್ಟಣದಿಂದ ಹೊರಟ ಟಿಪ್ಪುವಿನ ಆಯುಧಗಳು ಇಂಗ್ಲೆಂಡಿನ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಎಷ್ಟೋ ಅಧಿಕಾರಿಗಳ ಮನೆಗಳನ್ನೂ ಸೇರಿದವು. 2019ರಲ್ಲಿ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಿಂದ ಇಳಿದ ಕೆಲವು ಆಯುಧಗಳು ಹರಾಜಿಗೆ ಬಂದವು. ಬೆಳ್ಳಿಯ ಅಲಂಕಾರವುಳ್ಳ ಒಂದು ಚಕಮಕಿ ಬಂದೂಕು 60 ಸಾವಿರ ಪೌಂಡಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಸುಲ್ತಾನನ ಶಯ್ಯಾಗೃಹದ ಖಡ್ಗ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಇಂತಹ ಆಯುಧದ ಬೆಲೆಯ ಹೆಚ್ಚಿನ ಪಾಲು ಕಬ್ಬಿಣಕ್ಕೆ ಸಲ್ಲತಕ್ಕದ್ದಲ್ಲ. ಇದು ಇಂಥವನದು, ಇಂಥ ದಿನ ಇಂಥ ಕಡೆ ದೊರಕಿತು ಎಂಬ ಕಾಗದಕ್ಕೆ ಸಲ್ಲುತ್ತದೆ. ಆ ಕಾಗದವಿಲ್ಲದಿದ್ದರೆ ಖಡ್ಗವೂ ಹಳೆಯ ಲೋಹದ ಒಂದು ತುಂಡು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಬೇರೊಂದು ನಿದರ್ಶನವುಂಟು. 2018ರ ಜುಲೈಯಲ್ಲಿ ನಗರದ ಒಂದು ಪಾಳುಬಾವಿಯನ್ನು ಅಗೆದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಪ್ರಾಚ್ಯವಸ್ತು ಇಲಾಖೆಗೆ ದೊರಕಿದವು. ಗೇಣುದ್ದಕ್ಕಿಂತ ತುಸು ಹೆಚ್ಚಿನ ಕಬ್ಬಿಣದ ಕೊಳವೆಗಳು, ಒಳಗೆ ಮದ್ದು. ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದ ಇಂತಹ ಅಸ್ತ್ರಗಳನ್ನು ಕಂಡೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಅವು 1807ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆ ಸುರಿದವು. 2002ರಲ್ಲಿಯೂ ನಗರದಲ್ಲಿ ಇಂಥವು ನೂರಕ್ಕೂ ಹೆಚ್ಚು ದೊರಕಿದ್ದವು. ಬಹುಕಾಲ ಅವನ್ನು ಬರಿಯ ಫಿರಂಗಿಗುಂಡುಗಳೆಂದೇ ತಿಳಿಯಲಾಗಿತ್ತು. ಇಂದು ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿವೆ. ಸರ್ಕಾರದ ಕಾರ್ಖಾನೆಯ ವಸ್ತುವಿಗೇ ಗುರುತು ತಪ್ಪಿ ಈ ಗತಿ ಒದಗಿದರೆ, ಮನೆಯ ಮೂಲೆಯಲ್ಲಿರುವ ಕೇಪಿನ ಕೋವಿಯ ಪಾಡೇನು?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇದೆ. ಚುನಾವಣೆ ಬಂದಿತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆಯಬೇಕು. ಆ ತಿಂಗಳುಗಳಲ್ಲಿ ಹಂದಿಗಳಿಗೆ ಗದ್ದೆಯಲ್ಲಿ ಹಬ್ಬ. ಲೈಸೆನ್ಸು ಇರುವ ಹಿರಿಯರು ತೀರಿಕೊಂಡರೆ ಮಕ್ಕಳು ಬೆಂಗಳೂರಿನಲ್ಲಿ. ಕಚೇರಿಗೆ ಅಲೆಯುವ ವ್ಯವಧಾನ ಯಾರಿಗೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಹೊಡೆಯಬಲ್ಲ ಕೋವಿ ಎಷ್ಟೇ ಹಳೆಯದಾದರೂ ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ರಿಪೇರಿ ಮಾಡಿದರೂ ಹೊಡೆಯಲಾರದ ಪುರಾತನ ಕೋವಿಗೆ ಮಾತ್ರ ರಿಯಾಯಿತಿಯುಂಟು. 2019ರ ತಿದ್ದುಪಡಿಯಿಂದ ಸಾಮಾನ್ಯವಾಗಿ ಒಬ್ಬನಿಗೆ ಮೂರು ಬಂದೂಕುಗಳ ಬದಲು ಎರಡೇ. ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಕಾಯಿದೆ ನಿಷೇಧಿಸುತ್ತದೆ. ಕಾಯಿದೆಯ ಉದ್ದೇಶ ಒಳ್ಳೆಯದೇ. ಬಂದೂಕು ಅಗ್ಗವಾದ ದೇಶಗಳ ಗೋಳನ್ನು ಪತ್ರಿಕೆಗಳಲ್ಲಿ ಓದುವವರು ಅದನ್ನು ಅಲ್ಲಗಳೆಯಲಾರರು. ಆದರೆ ಕಾಯಿದೆಯ ಭಯದಿಂದ ಮನೆಯವರು ಕೋವಿಯ ಹೆಸರೆತ್ತುವುದನ್ನೇ ಬಿಟ್ಟಿದ್ದಾರೆ. ಕೋವಿಯನ್ನು ಒಪ್ಪಿಸುವಾಗ ಅದರ ಕಥೆಯನ್ನು ಕೇಳುವವರಿಲ್ಲ. ರಸೀತಿಯಲ್ಲಿ ನಂಬರು ಉಳಿಯುತ್ತದೆ. ಅದನ್ನು ಹಿಡಿದವನು ಅಳಿಯುತ್ತಾನೆ.

ಸಿಪಾಯಿಯ ಕೈಗೂ ಸಂಗ್ರಾಹಕನ ಗೋಡೆಗೂ ನಡುವೆ ಕಳೆದುಹೋಗುವ ವಸ್ತು ಇದೇ. ಅದನ್ನು ಉಳಿಸಲು ದೊಡ್ಡ ಹಣವಾಗಲಿ ಕಾಯಿದೆಯ ತಿದ್ದುಪಡಿಯಾಗಲಿ ಬೇಕಿಲ್ಲ. ಮನೆಯಲ್ಲಿ ಲೈಸೆನ್ಸಿನ ಕೋವಿಯಿದ್ದರೆ, ಅಜ್ಜ ಅಜ್ಜಿಯರು ಇರುವಾಗಲೇ ನಾಲ್ಕು ಸಾಲು ಬರೆದಿಡಬಹುದು: ಯಾರು ಕೊಂಡರು, ಯಾವ ಕಮ್ಮಾರ ಅಥವಾ ಯಾವ ಅಂಗಡಿಯದು, ಯಾವ ಕೆಲಸಕ್ಕೆ ಬಂತು, ಯಾರು ಅದನ್ನು ಹಿಡಿದು ಎಲ್ಲಿಗೆ ಹೋದರು. ಸೈನ್ಯದಿಂದ ನಿವೃತ್ತರಾಗಿ ಬಂದ ಮಾವನೋ ಚಿಕ್ಕಪ್ಪನೋ ಇದ್ದರೆ, ಅವರ ಕೈಗೆ ಒಗ್ಗಿದ ಬಂದೂಕು ಯಾವುದು, ಒಗ್ಗದ್ದು ಯಾವುದು ಎಂದು ಹಬ್ಬಕ್ಕೆ ಬಂದಾಗ ಕೇಳಬಹುದು. ಪದಕಗಳ ಬಗ್ಗೆ ಮೌನವಾಗಿರುವವರು ಬಂದೂಕಿನ ಬಗ್ಗೆ ಮಾತನಾಡಿಯಾರು. ಕೋವಿಯನ್ನು ಒಪ್ಪಿಸಬೇಕಾಗಿ ಬಂದರೂ ಆ ಕಾಗದದ ಒಂದು ಪ್ರತಿ ಮನೆಯಲ್ಲಿಯೂ ಇನ್ನೊಂದು ಪ್ರತಿ ಜಿಲ್ಲೆಯ ಸಂಗ್ರಹಾಲಯದಲ್ಲಿಯೂ ಇರಲಿ.

ಸೊರಬದ ಗದ್ದೆಯ ಬದುವಿನಲ್ಲಿ ಕಲ್ಲು ನಿಲ್ಲಿಸಿದವರು ಬಡವರು. ಅವರಿಗೆ ರಿಜಿಸ್ಟರಿರಲಿಲ್ಲ, ಸಂಗ್ರಹಾಲಯವಿರಲಿಲ್ಲ. ತುರುಗಾಳಗದಲ್ಲಿ ಮಡಿದವನ ಕತ್ತಿ ಯಾವಾಗಲೋ ತುಕ್ಕು ಹಿಡಿದು ಮಣ್ಣಾಗಿದೆ. ಅವನ ಹೆಸರು, ಅವನ ತಂದೆಯ ಹೆಸರು, ಅವನು ಯಾರ ದನಗಳನ್ನು ಬಿಡಿಸಲು ಹೋದನೆಂಬುದು ಮಾತ್ರ ಇಂದಿಗೂ ಓದಲು ಸಿಗುತ್ತದೆ.